ಕೈಕೊಟ್ಟವನೂ ‘ಹ್ಯಾಂಡ್’ ಕೊಟ್ಟವನೂ ಒಬ್ಬನೇ ಅಲ್ಲ

ಮಲ್ಪೆಯಿಂದ ಹೊರಟ ಬೋಟಿನ ಇಂಜಿನ್ ಕೈಕೊಟ್ಟಿತು ಎಂದರೆ ಏನಾಯಿತೆಂದು ಕರಾವಳಿಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಾಲುದಾರ ಕೈಕೊಟ್ಟ ಎಂದರೆ ಹಾಕಿದ ದುಡ್ಡು ಹೋಯಿತು. ಇದನ್ನೇ ಪದಕ್ಕೆ ಪದ ಇಟ್ಟು ‘ಹಿ ಗೇವ್ ಮಿ ಎ ಹ್ಯಾಂಡ್’ ಎಂದರೆ ಕೇಳಿದವರು ಆ ಪಾಲುದಾರನನ್ನು ಹೊಗಳುತ್ತಾರೆ. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ‘ಗಿವ್ ಹಿಮ್ ಎ ಬಿಗ್ ಹ್ಯಾಂಡ್’ ಎಂದರೆ ಜೋರಾಗಿ ಚಪ್ಪಾಳೆ ತಟ್ಟಿ ಎಂದರ್ಥ. ನಮ್ಮ ಕೈಕೊಡುವಿಕೆಗೆ ಅಲ್ಲಿ ಬೇರೆ ಮಾತಿದೆ: ಮನುಷ್ಯನಾದರೆ ‘ಲೆಟ್ ಮಿ ಡೌನ್’, ಇಂಜಿನ್ ಆದರೆ ‘ಬ್ರೋಕ್ ಡೌನ್’.

‘ಕಾಸ್ಟ್ ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್’ ಎಂಬ ನುಡಿಗಟ್ಟು ಸಿಕ್ಕಿದರೆ ಯಾರೂ ಮೋಸ ಹೋಗುವುದಿಲ್ಲ. ಒಂದು ತೋಳು, ಒಂದು ಕಾಲು ಬೆಲೆ ಬಿತ್ತು ಎಂಬುದು ವಿಚಿತ್ರವಾಗಿ ಕಾಣುತ್ತದೆ, ನಿಘಂಟು ನೋಡುತ್ತೇವೆ, ‘ವಿಪರೀತ ದುಬಾರಿ’ ಎಂದು ತಿಳಿದುಕೊಳ್ಳುತ್ತೇವೆ. ಎಡವುವುದು ಪರಿಚಿತ ಮುಖ ಹೊತ್ತು ಬರುವ ಮಾತುಗಳಲ್ಲಿ. ಕನ್ನಡದಲ್ಲಿ ಇರುವಂಥದ್ದೇ ಮಾತು, ಅದೇ ಅವಯವ, ಅರ್ಥ ಮಾತ್ರ ಬೇರೆ. ಅಲ್ಲಿ ನಿಘಂಟು ನೋಡಬೇಕೆಂದೇ ಅನಿಸುವುದಿಲ್ಲ.

ಕೈ ಎಲ್ಲಿ ಮುಗಿಯುತ್ತದೆ?

ನುಡಿಗಟ್ಟಿಗೆ ಹೋಗುವ ಮೊದಲು ಬರೀ ಪದಗಳಲ್ಲೇ ಒಂದು ತೊಡಕಿದೆ. ಕನ್ನಡದ ಕೈ ಹೆಗಲಿನಿಂದ ಬೆರಳ ತುದಿಯವರೆಗೆ. ತುಳುವಿನ ಕೈಯೂ ಹಾಗೆಯೇ, ಕೊಂಕಣಿಯ ಹಾತ್ ಕೂಡ ಹಾಗೆಯೇ. ಇಂಗ್ಲಿಷಿನ ‘ಹ್ಯಾಂಡ್’ ಮಣಿಕಟ್ಟಿನಲ್ಲೇ ನಿಂತುಬಿಡುತ್ತದೆ, ಅಲ್ಲಿಂದ ಮೇಲಿನದು ‘ಆರ್ಮ್’. ಕಾಲಿನದೂ ಇದೇ ಕತೆ: ಪಾದ ‘ಫುಟ್’, ಅದರ ಮೇಲಿನದು ‘ಲೆಗ್’. ಕಾಲ್ಬೆರಳಿಗೆ ‘ಟೋ’ ಎಂಬ ಬೇರೆ ಹೆಸರಿದೆ, ‘ಲೆಗ್ ಫಿಂಗರ್’ ಎಂಬುದು ಇಲ್ಲವೇ ಇಲ್ಲ. ತುಳುವಿನಲ್ಲಿ ಕಾಲಿಗೆ ‘ಕಾರ್’ ಎನ್ನುವುದರಿಂದ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಮಗುವಿಗೆ ಇನ್ನೊಂದು ತಮಾಷೆ ಪುಕ್ಕಟೆ.

ಹಾಗೆಂದು ಕನ್ನಡದಲ್ಲಿ ಬಿಡಿ ಹೆಸರುಗಳು ಇಲ್ಲದಿಲ್ಲ. ರಟ್ಟೆ, ತೋಳು, ಮೊಣಕೈ, ಮುಂಗೈ, ಮಣಿಕಟ್ಟು, ಅಂಗೈ ಎಲ್ಲವೂ ಇವೆ. ಆದರೆ ಬಿದ್ದು ಪೆಟ್ಟಾದಾಗ ಬಾಯಲ್ಲಿ ಬರುವುದು ‘ಕೈ ಮುರಿಯಿತು’ ಎಂದೇ. ಇದನ್ನು ‘ಹ್ಯಾಂಡ್ ಫ್ರ್ಯಾಕ್ಚರ್’ ಎಂದು ಬರೆದರೆ ಓದಿದ ವೈದ್ಯರು ಮಣಿಕಟ್ಟಿನಿಂದ ಕೆಳಗಿನ 27 ಮೂಳೆಗಳಲ್ಲಿ ಯಾವುದೋ ಒಂದು ಎಂದುಕೊಳ್ಳುತ್ತಾರೆ. ಮುರಿದದ್ದು ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮೂಳೆಯಾದರೆ ಅದು ‘ಫೋರ್‌ಆರ್ಮ್’. ವಿಮೆಯ ಅರ್ಜಿಯಲ್ಲಿ ಒಂದು, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇನ್ನೊಂದು ಇದ್ದರೆ ಪ್ರಶ್ನೆ ಏಳುವುದು ಸಹಜ. ಆದ್ದರಿಂದ ಸಮ್ಮರಿಯಲ್ಲಿರುವ ಪದವನ್ನೇ ಅರ್ಜಿಗೆ ಇಳಿಸಿಕೊಳ್ಳುವುದು ಕ್ಷೇಮ. ಇನ್ನೊಂದು ಸೂಕ್ಷ್ಮವೂ ಇದೆ. ಶರೀರಶಾಸ್ತ್ರದ ಪುಸ್ತಕದಲ್ಲಿ ‘ಆರ್ಮ್’ ಎಂದರೆ ಹೆಗಲಿನಿಂದ ಮೊಣಕೈವರೆಗೆ ಮಾತ್ರ, ‘ಲೆಗ್’ ಎಂದರೆ ಮಂಡಿಯಿಂದ ಹರಡಿನವರೆಗೆ ಮಾತ್ರ. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಎಂ.ಬಿ.ಬಿ.ಎಸ್. ಸೇರಿದ ಮಕ್ಕಳು ಮೊದಲ ವರ್ಷ ‘ಲೆಗ್’ ಎಂಬ ಪದವನ್ನು ಮತ್ತೊಮ್ಮೆ ಕಲಿಯಬೇಕಾಗುತ್ತದೆ.

ಇದಕ್ಕಿಂತ ಹೆಚ್ಚು ಕಾಟ ಕೊಡುವುದು ಸೊಂಟ. ನಾವು ಸೊಂಟನೋವು ಎನ್ನುವುದು ಹೆಚ್ಚಾಗಿ ಬೆನ್ನಿನ ಕೆಳಭಾಗದ ನೋವಿಗೆ. ಇಂಗ್ಲಿಷಿನ ‘ಹಿಪ್’ ಎಂದರೆ ತೊಡೆ ಬಂದು ಸೇರುವ ಕೀಲು, ‘ವೇಸ್ಟ್’ ಎಂದರೆ ಬೆಲ್ಟು ಕಟ್ಟುವ ಸುತ್ತಳತೆ. ‘ಹಿಪ್ ಪೇಯ್ನ್’ ಎಂದು ಹೇಳಿದರೆ ಪರೀಕ್ಷೆ ಬೇರೆ ಕೀಲಿನಿಂದ ಶುರುವಾಗುತ್ತದೆ. ‘ಲೋವರ್ ಬ್ಯಾಕ್ ಪೇಯ್ನ್’ ಎನ್ನಬೇಕು. ಗಲ್ಲ ಎಂಬ ಪದ ಕೆಲವರಿಗೆ ಕೆನ್ನೆ, ಕೆಲವರಿಗೆ ಗದ್ದ. ಇಂಗ್ಲಿಷಿಗೆ ತರುವಾಗ ‘ಚೀಕ್’ ಯಾವುದು, ‘ಚಿನ್’ ಯಾವುದು ಎಂದು ಮೊದಲು ಮನೆಯೊಳಗೇ ತೀರ್ಮಾನ ಆಗಬೇಕು. ತಲೆ ಬಾಚುವುದು, ತಲೆಗೆ ಎಣ್ಣೆ ಹಾಕುವುದು, ತಲೆಗೆ ಸ್ನಾನ ಮಾಡುವುದು, ಇವೆಲ್ಲ ಇಂಗ್ಲಿಷಿನಲ್ಲಿ ಕೂದಲಿನ ಕೆಲಸಗಳು: ‘ಕೋಂಬ್ ಮೈ ಹೇರ್’, ‘ವಾಶ್ ಮೈ ಹೇರ್’. ‘ಹೆಡ್ ಬಾತ್’ ಭಾರತದ ಗಡಿ ದಾಟಿದರೆ ಯಾರಿಗೂ ಅರ್ಥವಾಗುವುದಿಲ್ಲ.

ನೋವಿನ ವ್ಯಾಕರಣ

‘ತಲೆ ನೋಯುತ್ತಿದೆ’ ಎಂಬುದರ ನೇರ ಅನುವಾದ ‘ಮೈ ಹೆಡ್ ಈಸ್ ಪೇನಿಂಗ್’. ನಮ್ಮಲ್ಲಿ ಇದು ನಡೆಯುತ್ತದೆ, ಹೊರಗೆ ತಪ್ಪೆಂದು ಕೇಳಿಸುತ್ತದೆ. ‘ಪೇಯ್ನ್’ ಅವರಿಗೆ ನಾಮಪದ, ನೋಯುವ ಕೆಲಸಕ್ಕೆ ‘ಹರ್ಟ್’ ಇದೆ. ‘ಮೈ ಹೆಡ್ ಹರ್ಟ್ಸ್’ ಅಥವಾ ‘ಐ ಹ್ಯಾವ್ ಎ ಹೆಡೇಕ್’.

ಆ ‘ಏಕ್’ ಎಂಬ ಬಾಲ ಎಲ್ಲ ಅವಯವಕ್ಕೂ ಅಂಟುವುದಿಲ್ಲ. ತಲೆ, ಹಲ್ಲು, ಕಿವಿ, ಹೊಟ್ಟೆ, ಬೆನ್ನು ಈ ಐದಕ್ಕೆ ಧಾರಾಳವಾಗಿ ಸೇರಿಸಬಹುದು. ‘ಲೆಗೇಕ್’, ‘ಹ್ಯಾಂಡೇಕ್’, ‘ನೀಏಕ್’ ಇಲ್ಲ. ಮಂಡಿಗೆ ‘ಪೇಯ್ನ್ ಇನ್ ದ ನೀ’, ಗಂಟಲಿಗೆ ‘ಸೋರ್ ಥ್ರೋಟ್’, ಕುತ್ತಿಗೆ ಹಿಡಿದುಕೊಂಡರೆ ‘ಸ್ಟಿಫ್ ನೆಕ್’. ಆರನೆಯದೊಂದು ಇದೆ, ‘ಹಾರ್ಟೇಕ್’. ಅದರ ಬಗ್ಗೆ ಎಚ್ಚರ ಬೇಕು: ಅದು ಎದೆನೋವಲ್ಲ, ಮನಸ್ಸಿನ ಸಂಕಟ. ಇದಕ್ಕೆ ತಿರುವುಮುರುವಾಗಿ ‘ಹಾರ್ಟ್‌ಬರ್ನ್’ ಎಂಬುದಕ್ಕೆ ಹೃದಯದ ಸಂಬಂಧವೇ ಇಲ್ಲ, ಅದು ಹೊಟ್ಟೆಯ ಹುಳಿ ಮೇಲೆ ಬಂದು ಆಗುವ ಎದೆಯುರಿ. ನಿಜವಾಗಿ ಎದೆ ಹಿಂಡಿದಂತೆ ನೋವಿದ್ದರೆ ಎರಡನ್ನೂ ಬಿಟ್ಟು ‘ಚೆಸ್ಟ್ ಪೇಯ್ನ್’ ಎಂದೇ ಹೇಳಬೇಕು. ಇಲ್ಲಿ ಪದ ತಪ್ಪಿದರೆ ನಗೆಪಾಟಲಷ್ಟಕ್ಕೇ ಮುಗಿಯುವುದಿಲ್ಲ.

ಹೊಡೆತದ ವಿಷಯದಲ್ಲಿ ಕನ್ನಡ ಸುಲಭ: ತಲೆಗೆ, ಮುಖಕ್ಕೆ, ಹೊಟ್ಟೆಗೆ, ಎಲ್ಲಕ್ಕೂ ಒಂದೇ ವಿಭಕ್ತಿ. ಇಂಗ್ಲಿಷಿನಲ್ಲಿ ತಲೆ, ಬೆನ್ನು, ಹೆಗಲಿಗೆ ‘ಆನ್’. ಮುಖ, ಕಣ್ಣು, ಹೊಟ್ಟೆಗೆ ‘ಇನ್’. ಹಿಡಿದೆಳೆದರೆ ‘ಬೈ’. ‘ಹಿಟ್ ಹಿಮ್ ಆನ್ ದ ಹೆಡ್’, ‘ಹಿಟ್ ಹಿಮ್ ಇನ್ ದ ಫೇಸ್’, ‘ಟುಕ್ ಹಿಮ್ ಬೈ ದ ಹ್ಯಾಂಡ್’. ಮೂರರಲ್ಲೂ ‘ಹಿಸ್’ ಬದಲು ‘ದ’ ಬಂದದ್ದನ್ನು ಗಮನಿಸಿ. ಯಾರಿಗೆ ಎಂದು ಒಮ್ಮೆ ಹೇಳಿಯಾದ ಮೇಲೆ ಯಾರ ತಲೆ ಎಂದು ಮತ್ತೆ ಹೇಳುವ ಅಗತ್ಯ ಇಂಗ್ಲಿಷಿಗೆ ಕಾಣುವುದಿಲ್ಲ.

ಗಲ್ಫಿಗೋ ಇಂಗ್ಲೆಂಡಿಗೋ ಹೊರಟ ನಮ್ಮ ನರ್ಸ್‌ಗಳಿಗೆ ಇದು ದಿನದ ಕೆಲಸದ ಮಾತು. ಅವರಲ್ಲಿ ಹಲವರು ಬರೆಯುವ ಒ.ಇ.ಟಿ. ಎಂಬ, ಆರೋಗ್ಯ ಕ್ಷೇತ್ರದವರಿಗಾಗಿರುವ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ತಲಾ 5 ನಿಮಿಷದ ಎರಡು ರೋಲ್‌ಪ್ಲೇ ಇರುತ್ತವೆ, ಎದುರಿನವರು ರೋಗಿಯಂತೆ ಮಾತಾಡುತ್ತಾರೆ. ಆಸ್ಪತ್ರೆಯಲ್ಲಿ ನಿಜವಾದ ರೋಗಿ ಪುಸ್ತಕದ ಪದ ಬಳಸುವುದಿಲ್ಲ. ‘ಪಿನ್ಸ್ ಆ್ಯಂಡ್ ನೀಡಲ್ಸ್’ ಎನ್ನುತ್ತಾರೆ, ಅದು ನಮ್ಮ ಜೋಮು. ‘ಮೈ ಫುಟ್ ಹ್ಯಾಸ್ ಗಾನ್ ಟು ಸ್ಲೀಪ್’ ಎಂದರೂ ಜೋಮೇ. ‘ಎ ಫ್ರಾಗ್ ಇನ್ ದ ಥ್ರೋಟ್’ ಎಂದರೆ ಗಂಟಲು ಕಟ್ಟಿದೆ, ಸ್ವರ ಹೊರಡುತ್ತಿಲ್ಲ. ‘ಎ ಲಂಪ್ ಇನ್ ದ ಥ್ರೋಟ್’ ಎಂದು ಕೇಳಿ ಗಡ್ಡೆ ಹುಡುಕುವ ಮೊದಲು ಸಂದರ್ಭ ನೋಡಬೇಕು, ಹೆಚ್ಚಿನ ಸಲ ಅದು ದುಃಖಕ್ಕೆ ಗಂಟಲುಬ್ಬಿ ಬಂದದ್ದು. ಉಳುಕಿಗೆ ‘ಸ್ಪ್ರೇನ್’, ಸ್ನಾಯು ಸೆಳೆದು ಗಟ್ಟಿಯಾದರೆ ‘ಕ್ರ್ಯಾಂಪ್’, ಓಡುವಾಗ ಪಕ್ಕೆಯಲ್ಲಿ ಚುಚ್ಚಿದರೆ ‘ಸ್ಟಿಚ್’.

ಹೊಟ್ಟೆಯೊಳಗೆ ಏನೇನಿದೆ

ಭಾವನೆಗಳನ್ನು ಯಾವ ಅವಯವದಲ್ಲಿ ಇಡಬೇಕೆಂಬ ವಿಷಯದಲ್ಲಿ ಎರಡು ಭಾಷೆಗಳಿಗೆ ಒಮ್ಮತವಿಲ್ಲ. ನಮ್ಮ ಮತ್ಸರ ಹೊಟ್ಟೆಯಲ್ಲಿದೆ: ಹೊಟ್ಟೆಕಿಚ್ಚು, ಹೊಟ್ಟೆಯುರಿ. ಇಂಗ್ಲಿಷಿನದು ಕಣ್ಣಿನಲ್ಲಿದೆ, ಅದೂ ಹಸಿರು ಕಣ್ಣಿನಲ್ಲಿ: ‘ಗ್ರೀನ್-ಐಡ್’. ಪಕ್ಕದ ಮನೆಯವರಿಗೆ ನಮ್ಮನ್ನು ಕಂಡರೆ ಹೊಟ್ಟೆಯುರಿ ಎಂಬುದನ್ನು ‘ಸ್ಟಮಕ್ ಬರ್ನಿಂಗ್’ ಎಂದರೆ,

“ಎಷ್ಟು ದಿನದಿಂದ ಉರಿ?”

“ನಾವು ಹೊಸ ಮನೆ ಕಟ್ಟಿಸಿದಂದಿನಿಂದ, ಡಾಕ್ಟ್ರೇ.”

“ಊಟಕ್ಕೆ ಮೊದಲೋ, ನಂತರವೋ?”

ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ.

ಧೈರ್ಯ ನಮಗೆ ಎದೆಯಲ್ಲಿ, ಆದ್ದರಿಂದ ಎದೆಗಾರಿಕೆ. ಅದು ಹೋದರೆ ಎದೆಗುಂದುತ್ತೇವೆ. ಇಂಗ್ಲಿಷಿನ ಧೈರ್ಯ ಕರುಳಿನಲ್ಲಿದೆ, ‘ಗಟ್ಸ್’. ಎದೆಗುಂದುವುದಕ್ಕೆ ಅಲ್ಲಿ ‘ಲೂಸ್ ಹಾರ್ಟ್’ ಎಂಬ ಸಮಾನಪದ ಇದೆ ಎಂಬುದು ಸಮಾಧಾನ. ಆದರೆ ‘ಎದೆಯೊಡೆಯಿತು’ ಎಂದು ನಾವು ಭಯಕ್ಕೆ, ಆಘಾತಕ್ಕೆ ಹೇಳಿದರೆ ‘ಬ್ರೋಕನ್ ಹಾರ್ಟ್’ ಬಹುಪಾಲು ಪ್ರೀತಿ ಮುರಿದದ್ದಕ್ಕೆ, ಅಗಲಿಕೆಯ ದುಃಖಕ್ಕೆ ಮೀಸಲು. ‘ಚೇಂಜ್ ಆಫ್ ಹಾರ್ಟ್’ ಮನಸ್ಸು ಬದಲಾಯಿಸಿದ್ದು, ಆಪರೇಷನ್ ಅಲ್ಲ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ನಾವು ಕ್ಷಮೆ ಕೇಳುತ್ತೇವಲ್ಲ, ಅದರ ದೂರದ ನೆಂಟ ಇಂಗ್ಲಿಷಿನಲ್ಲಿದ್ದಾನೆ: ‘ಐ ಕಾಂಟ್ ಸ್ಟಮಕ್ ಇಟ್’, ಇದನ್ನು ಸಹಿಸಲಾರೆ. ಅಲ್ಲಿ ಹೊಟ್ಟೆ ಸಹಿಸುವುದಕ್ಕೆ ಮಾತ್ರ, ಕ್ಷಮಿಸುವಷ್ಟು ದೊಡ್ಡದಲ್ಲ.

ಪಿತ್ತ ನೆತ್ತಿಗೇರಿತು ಎಂಬ ನಮ್ಮ ಮಾತಿನ ಹಿಂದೆ ವಾತ, ಪಿತ್ತ, ಕಫದ ಹಳೆಯ ವೈದ್ಯವಿದೆ. ಯುರೋಪಿನಲ್ಲೂ ಗ್ರೀಕರಿಂದ ಬಂದ ನಾಲ್ಕು ದ್ರವಗಳ ಲೆಕ್ಕ ಶತಮಾನಗಳ ಕಾಲ ನಡೆಯಿತು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಆ ವೈದ್ಯ ಹೋಯಿತು, ಪದಗಳು ಉಳಿದವು. ‘ಮೆಲಂಕಲಿ’ ಎಂದರೆ ಮೂಲದಲ್ಲಿ ಕಪ್ಪು ಪಿತ್ತವೇ. ಉದ್ಧಟತನಕ್ಕೆ ‘ಗಾಲ್’ ಎನ್ನುತ್ತಾರೆ, ಅದೂ ಪಿತ್ತ. ಸಿಟ್ಟು ಕಾರಿಕೊಳ್ಳುವುದು ‘ವೆಂಟ್ ಒನ್ಸ್ ಸ್ಪ್ಲೀನ್’, ಅಂದರೆ ಗುಲ್ಮವನ್ನು ಬರಿದು ಮಾಡುವುದು. ಹೀಗೆ ಬೇರೆ ಬೇರೆ ದಾರಿಯಲ್ಲಿ ಬಂದು ಎರಡು ಭಾಷೆಗಳೂ ಪಿತ್ತದ ಬಳಿ ಭೇಟಿಯಾಗುತ್ತವೆ.

ಮುಖ ನೋಡಿ ಮಣೆ ಹಾಕಬಾರದ ಮಾತುಗಳು

ಕಾಲೆಳೆಯುವುದರಿಂದ ಶುರುಮಾಡೋಣ. ‘ಪುಲ್ ಸಮ್‌ವನ್ಸ್ ಲೆಗ್’ ಎಂದರೆ ತಮಾಷೆಗೆ ಸುಳ್ಳು ಹೇಳಿ ಕಿಚಾಯಿಸುವುದು. ಕನ್ನಡದಲ್ಲಿ ಕಾಲೆಳೆಯುವುದಕ್ಕೆ ಈ ಅರ್ಥವೂ ಉಂಟು, ಮೇಲೇರುವವನನ್ನು ಕೆಳಗೆ ಬೀಳಿಸುವ ಅರ್ಥವೂ ಉಂಟು. ಬುಟ್ಟಿಯ ಏಡಿಗಳ ಹಾಗೆ ಕಾಲೆಳೆಯುತ್ತಾರೆ ಎಂದು ಭಾಷಣಗಳಲ್ಲಿ ಕೇಳಿಬರುವುದು ಈ ಎರಡನೆಯದು. ಅದಕ್ಕೆ ಇಂಗ್ಲಿಷಿನಲ್ಲಿ ‘ಪುಲ್ ಡೌನ್’ ಅಥವಾ ‘ಅಂಡರ್‌ಮೈನ್’ ಬೇಕು. ಕಚೇರಿಯಲ್ಲಿ ಸಹೋದ್ಯೋಗಿಯ ಮೇಲೆ ದೂರು ಬರೆಯುತ್ತ ‘ಹಿ ಈಸ್ ಪುಲಿಂಗ್ ಮೈ ಲೆಗ್’ ಎಂದರೆ ಮೇಲಧಿಕಾರಿ ನಕ್ಕು ಬದಿಗಿಡುತ್ತಾರೆ.

ಕಣ್ಣಿನದು ಇನ್ನೂ ನಾಜೂಕು. ‘ಕೀಪ್ ಆ್ಯನ್ ಐ ಆನ್ ದ ಬ್ಯಾಗ್’ ಎಂದರೆ ಬ್ಯಾಗಿನ ಮೇಲೆ ನಿಗಾ ಇರಲಿ. ‘ಹ್ಯಾವ್ ಆ್ಯನ್ ಐ ಆನ್ ದ ಬ್ಯಾಗ್’ ಎಂದರೆ ಅದನ್ನು ಹೊಡೆಯುವ ಆಸೆ ಎಂದೂ ಆಗಬಹುದು, ನಮ್ಮ ‘ಕಣ್ಣು ಹಾಕು’ ಇದ್ದ ಹಾಗೆ. ನಡುವೆ ಬದಲಾದದ್ದು ಒಂದು ಕ್ರಿಯಾಪದ. ಕಣ್ಣು ಹೊಡೆಯುವುದು ‘ವಿಂಕ್’. ಕಂಡೂ ಕಾಣದಂತಿರುವುದು ‘ಟರ್ನ್ ಎ ಬ್ಲೈಂಡ್ ಐ’. ಈ ಮಾತಿನ ಜತೆ ನೌಕಾಪಡೆಯ ನೆಲ್ಸನ್ನನ ಕತೆ ಅಂಟಿಕೊಂಡಿದೆ: 1801ರ ಕೋಪನ್‌ಹೇಗನ್ ಕಾಳಗದಲ್ಲಿ ಹಿಂದೆ ಸರಿಯುವ ಸಂಕೇತ ಬಂದಾಗ ಆತ ದೃಷ್ಟಿಯಿಲ್ಲದ ಕಣ್ಣಿಗೆ ದೂರದರ್ಶಕ ಹಿಡಿದು “ನನಗೇನೂ ಕಾಣಿಸುತ್ತಿಲ್ಲ” ಎಂದನಂತೆ.

ಕಿವಿಯ ವಿಷಯದಲ್ಲಿ ಎರಡೂ ಭಾಷೆ ಲೋಹ ಬಳಸಿವೆ. ಯಾರು ಏನು ಹೇಳಿದರೂ ನಂಬುವವನದು ನಮ್ಮಲ್ಲಿ ಹಿತ್ತಾಳೆ ಕಿವಿ. ಇಂಗ್ಲಿಷಿನಲ್ಲಿ ತಗಡಿನ ಕಿವಿ ಇದೆ, ‘ಟಿನ್ ಇಯರ್’. ಅದು ಸ್ವರ, ಶ್ರುತಿ ತಿಳಿಯದವನಿಗೆ, ಮಾತಿನ ಧಾಟಿ ಹಿಡಿಯಲಾರದವನಿಗೆ. ಚಾಡಿ ಕೇಳುವ ಅಧಿಕಾರಿಯನ್ನು ತಗಡಿನ ಕಿವಿಯವನೆಂದರೆ ಆತ ಸಂಗೀತ ಬಾರದವನಾಗುತ್ತಾನೆ ಅಷ್ಟೆ.

ಬೆರಳನ್ನು ಮೂಗಿನ ಮೇಲೆ ಇಟ್ಟರೆ ನಮಗೆ ಅಚ್ಚರಿ. ಇಂಗ್ಲಿಷಿನಲ್ಲಿ ಬೆರಳಿಟ್ಟದ್ದು, ‘ಪುಟ್ ಒನ್ಸ್ ಫಿಂಗರ್ ಆನ್ ಇಟ್’, ತಪ್ಪು ಎಲ್ಲಿದೆಯೆಂದು ನಿಖರವಾಗಿ ಗುರುತಿಸಿದ್ದು. ‘ಶೇಕ್ ಎ ಲೆಗ್’ ಎಂದರೆ ಕುಣಿಯುವುದೆಂದು ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತಲೇ ಇರುತ್ತವೆ, ಇಂಗ್ಲೆಂಡಿನವರಿಗೆ ಅದು ‘ಬೇಗ ಏಳು, ಹೊರಡು’. ತಲೆ ತಿನ್ನಬೇಡ ಎಂಬುದನ್ನು ‘ಡೋಂಟ್ ಈಟ್ ಮೈ ಹೆಡ್’ ಎಂದರೆ ಬೆಂಗಳೂರಿನವರೆಗೆ ಸರಿ. ತಲೆ ಕೆಡಿಸಿಕೊಳ್ಳಬೇಡ ಎಂಬುದಕ್ಕೆ ಬರೀ ‘ಡೋಂಟ್ ವರಿ’ ಸಾಕು, ತಲೆಯನ್ನು ಎಳೆದು ತರುವುದು ಯಾಕೆ ಮಾರಾಯ್ರೇ.

ಬಾಯಿಪಾಠದ ಗತಿಯಂತೂ ವಿಚಿತ್ರ. ನಾವು ಪದ್ಯವನ್ನು ಬಾಯಿಯಲ್ಲೋ ಕಂಠದಲ್ಲೋ ಇಡುತ್ತೇವೆ, ಅವರು ಹೃದಯದಲ್ಲಿ. ‘ಲರ್ನ್ ಇಟ್ ಬೈ ಹಾರ್ಟ್’ ಎಂಬ ಆ ಮಾತು ನಮ್ಮ ಶಾಲೆಗಳಿಗೆ ಬಂದು ‘ಬೈಹಾರ್ಟ್ ಮಾಡು’ ಎಂದಾಯಿತು, ಕನ್ನಡದಲ್ಲಿ ಅದು ಈಗ ಸರಿಯಾದ ಪದವೇ. ಆಮೇಲೆ ಅದೇ ರೂಪದಲ್ಲಿ ಇಂಗ್ಲಿಷಿಗೆ ಹಿಂತಿರುಗಿ ‘ಐ ಬೈಹಾರ್ಟೆಡ್ ಇಟ್’ ಆಯಿತು ನೋಡಿ, ಅದು ತಪ್ಪು. ಇಂಗ್ಲಿಷಿನಲ್ಲಿ ‘ಲರ್ನ್’ ಇಲ್ಲದೆ ‘ಬೈ ಹಾರ್ಟ್’ ಕ್ರಿಯಾಪದವಾಗುವುದಿಲ್ಲ.

ಒಂದೇ ಊರು, ಬೇರೆ ದಾರಿ

ಕೆಲವು ಮಾತುಗಳು ಕಾಗದಪತ್ರ ಕೇಳದೆ ಗಡಿ ದಾಟುತ್ತವೆ. ಮೂಗು ತೂರಿಸುವುದು, ಕೈ ಸುಟ್ಟುಕೊಳ್ಳುವುದು, ಕೈ ತೊಳೆದುಕೊಳ್ಳುವುದು, ಬೆನ್ನು ತಟ್ಟುವುದು, ನಾಲಿಗೆಯ ತುದಿಯಲ್ಲಿರುವುದು. ಕೈ ಸುಟ್ಟುಕೊಳ್ಳುವಲ್ಲಿ ಇಂಗ್ಲಿಷಿನವರು ಬೆರಳನ್ನು ಮಾತ್ರ ಸುಟ್ಟುಕೊಳ್ಳುತ್ತಾರೆ ಎಂಬಷ್ಟೇ ವ್ಯತ್ಯಾಸ.

ಹೆಚ್ಚು ರುಚಿಯಿರುವುದು ಅರ್ಥ ಒಂದೇ ಆಗಿ ಚಿತ್ರ ಬೇರೆಯಾಗಿರುವ ಜೋಡಿಗಳಲ್ಲಿ. ಲಂಚಕ್ಕೆ ನಾವು ಕೈ ಬಿಸಿ ಮಾಡುತ್ತೇವೆ, ಅವರು ಅಂಗೈಗೆ ಗ್ರೀಸ್ ಹಚ್ಚುತ್ತಾರೆ. ಯಾವುದಾದರೂ ಕೆಲಸದಲ್ಲಿ ಪಳಗಿದವನು ನಮಗೆ ಎತ್ತಿದ ಕೈ, ಅವರಿಗೆ ‘ಡ್ಯಾಬ್ ಹ್ಯಾಂಡ್’. ನಾವು ಕಾಲಿಗೆ ಬುದ್ಧಿ ಹೇಳಿದರೆ ಅವರು ಹಿಮ್ಮಡಿಯ ಮೊರೆ ಹೋಗುತ್ತಾರೆ, ‘ಟೇಕ್ ಟು ಒನ್ಸ್ ಹೀಲ್ಸ್’. ಅಪಘಾತದಲ್ಲಿ ನಮ್ಮ ಪತ್ರಿಕೆಯ ಮನುಷ್ಯ ಕೂದಲೆಳೆಯ ಅಂತರದಲ್ಲಿ ಪಾರಾಗುತ್ತಾನೆ, ಅವರವನು ‘ಬೈ ದ ಸ್ಕಿನ್ ಆಫ್ ಹಿಸ್ ಟೀತ್’, ಹಲ್ಲಿನ ಚರ್ಮದಷ್ಟರಲ್ಲಿ. ಹಲ್ಲಿಗೆ ಚರ್ಮವೆಲ್ಲಿದೆ ಎಂದು ಕೇಳಿದರೆ ಉತ್ತರ ಬೈಬಲಿನ ಯೋಬನ ಗ್ರಂಥದಲ್ಲಿದೆ, 1611ರ ಇಂಗ್ಲಿಷ್ ಅನುವಾದದಲ್ಲೂ ಈ ಮಾತು ಬಂದಿದೆ, ಅಲ್ಲಿ ‘ಬೈ’ ಬದಲು ‘ವಿತ್’ ಎಂದಿದೆ ಅಷ್ಟೆ. ನಮಗೆ ತಲೆಬುಡ ತಿಳಿಯದಿದ್ದರೆ ಅವರಿಗೆ ತಲೆ ಬಾಲ ತಿಳಿಯುವುದಿಲ್ಲ: ನಮ್ಮದು ಮರ, ಅವರದು ಪ್ರಾಣಿ. ಪೂರ್ತಿ ಮೈಯನ್ನು ಹೇಳುವಾಗ ಹಳೆಯ ಕನ್ನಡಕ್ಕೆ ಕೆಳಗಿನಿಂದ ಮೇಲೆ ಹೋಗುವುದೇ ಇಷ್ಟ: ಅಡಿಯಿಂದ ಮುಡಿಯವರೆಗೆ, ಆಪಾದಮಸ್ತಕ, ನಖಶಿಖಾಂತ. ‘ಫ್ರಮ್ ಹೆಡ್ ಟು ಟೋ’ ಮೇಲಿನಿಂದ ಇಳಿಯುತ್ತದೆ.

ಪದಗಳ ಬೇರು ಕೆದಕಿದರೆ ಇನ್ನೂ ಹತ್ತಿರವಾಗುತ್ತೇವೆ. ಹೂವಿನವರು ಮಲ್ಲಿಗೆಯನ್ನು ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಮೊಳ ಅಳೆಯುತ್ತಾರೆ, ಸುಮಾರು 18 ಇಂಚು. ಮೊಣಕೈಗೆ ಮೊಳಕೈ ಎಂಬ ರೂಪವೂ ಇದೆ. ಇಂಗ್ಲಿಷಿನ ‘ಎಲ್ಬೋ’ವನ್ನು ಬಿಡಿಸಿದರೆ ‘ಎಲ್’ ಎಂಬ ಮುಂಗೈ ಅಳತೆ, ‘ಬೋ’ ಎಂಬ ಬಾಗು. ಅಲ್ಲಿಯೂ ಅಳತೆಯ ಹೆಸರು ಕೀಲಿನಲ್ಲಿ ಕುಳಿತಿದೆ. ಮುಂಗೈಯ ‘ಅಲ್ನಾ’ ಎಂಬ ಮೂಳೆಯ ಹೆಸರೂ ಅದೇ ಬೇರಿನ ಲ್ಯಾಟಿನ್ ಚಿಗುರು. ಎರಡೂ ಕೈ ಚಾಚಿದರೆ ನಮಗೆ ಒಂದು ಮಾರು, ಅವರಿಗೆ ಒಂದು ‘ಫ್ಯಾದಮ್’, 6 ಅಡಿ. ಸಮುದ್ರದ ಆಳ ಅಳೆಯುವ ಆ ಪದವೇ ‘ಅರ್ಥಮಾಡಿಕೊಳ್ಳು’ ಎಂಬ ಕ್ರಿಯಾಪದವೂ ಆಯಿತು. ಕಣ್ಣಿನ ನಡುವಿನ ಕಪ್ಪು ನಮಗೆ ಪಾಪೆ, ಅಂದರೆ ಗೊಂಬೆ. ಇಂಗ್ಲಿಷಿನ ‘ಪ್ಯೂಪಿಲ್’ ಕೂಡ ಪುಟ್ಟ ಗೊಂಬೆ ಎಂಬ ಲ್ಯಾಟಿನ್ ಪದದಿಂದ ಬಂದದ್ದು. ಎದುರಿನವರ ಕಣ್ಣಿನಲ್ಲಿ ನಮ್ಮದೇ ಚಿಕ್ಕ ಪ್ರತಿಬಿಂಬ ಕಾಣುವುದೇ ಇದಕ್ಕೆ ಕಾರಣ. ‘ಮಸಲ್’ ಎಂದರೆ ಮೂಲದಲ್ಲಿ ಪುಟ್ಟ ಇಲಿ. ನಾವು ಕಾಲಿನ ಹಿಂಬದಿಯ ಸ್ನಾಯುವಿನಲ್ಲಿ ಮೀನು ಕಂಡು ಮೀನಖಂಡ ಎಂದೆವು.

ಮುಟ್ಟಿದರೆ ಮುರಿಯುವ ಅಚ್ಚು

ನುಡಿಗಟ್ಟು ಎರಕ ಹೊಯ್ದ ಅಚ್ಚು. ಏಕವಚನ, ಬಹುವಚನ, ನಡುವಿನ ಸಣ್ಣ ಪದ ಯಾವುದನ್ನೂ ಅಲುಗಿಸುವಂತಿಲ್ಲ. ಕಾಲೆಳೆಯುವಾಗ ‘ಲೆಗ್’ ಒಂದೇ. ‘ಲೆಗ್ಸ್’ ಎಂದರೆ ನಿಜವಾಗಿ ಹಿಡಿದೆಳೆದಂತೆ. ಕೊನೆಗಳಿಗೆಯಲ್ಲಿ ಹಿಂಜರಿದರೆ ‘ಕೋಲ್ಡ್ ಫೀಟ್’, ಎರಡೂ ಪಾದ ತಣ್ಣಗಾಗಬೇಕು. ನಿಗಾ ಇಡುವುದು ಒಂದು ಕಣ್ಣು, ಗಮನವಿಟ್ಟು ಕೇಳುವುದು ‘ಆಲ್ ಇಯರ್ಸ್’, ಎರಡೂ ಕಿವಿ. ಇದಕ್ಕೆ ತರ್ಕವಿಲ್ಲ, ಇಡೀ ವಾಕ್ಯವನ್ನೇ ಕಲಿಯಬೇಕು. ಕಲಿಯುವವರಿಗಾಗಿ ಮಾಡಿದ ನಿಘಂಟಿನಲ್ಲಿ ಹೆಚ್ಚಾಗಿ ಮೊದಲ ನಾಮಪದದ ಕೆಳಗೆ ಹುಡುಕಿದರೆ ಸಿಗುತ್ತದೆ. ಕನ್ನಡದ ಬದಿಯಿಂದ ಹುಡುಕುವವರಿಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಕಿಟ್ಟೆಲ್ ನಿಘಂಟು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಪದದ ಜತೆ ಗಾದೆಗಳನ್ನೂ ಕೊಟ್ಟಿದ್ದಾರೆ. ತುಳುವಿಗೆ 1886ರ ಮ್ಯಾನರ್ ನಿಘಂಟಿದೆ.

ಎಲ್ಲಿ ಬಳಸಬೇಕೆಂಬುದೂ ಮುಖ್ಯ. ವಿದೇಶಕ್ಕೆ ಹೊರಟವರು ಬರೆಯುವ ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ 7ನೇ ಬ್ಯಾಂಡ್‌ಗೆ, ಅಂದರೆ 7ನೇ ದರ್ಜೆಗೆ, ನುಡಿಗಟ್ಟಿನ ಬಳಕೆಯನ್ನೂ ಗಮನಿಸುತ್ತಾರೆ ನಿಜ. ಅದನ್ನು ಕೇಳಿಕೊಂಡು 11ರಿಂದ 14 ನಿಮಿಷದೊಳಗೆ ಹತ್ತು ಹದಿನೈದನ್ನು ತುರುಕಿದರೆ ಬಾಯಿಪಾಠ ಎಂದು ಗೊತ್ತಾಗಿಬಿಡುತ್ತದೆ. ಸಹಜವಾಗಿ ಬಂದ ಎರಡು ಮೂರು ಸಾಕು. ಅರ್ಜಿಯಲ್ಲಿ, ವರದಿಯಲ್ಲಿ ಒಂದೂ ಬೇಡ. ‘ಪೇಯ್ನ್ ಇನ್ ದ ನೆಕ್’ ಎಂದರೆ ತಲೆನೋವಿನ ಮನುಷ್ಯ, ಅದನ್ನು ಗೆಳೆಯರ ನಡುವೆ ಹೇಳಬಹುದು, ಮ್ಯಾನೇಜರಿಗೆ ಕಳಿಸುವ ಇಮೇಲಿನಲ್ಲಿ ಅಲ್ಲ.

ಇನ್ನು ‘ಬ್ರೇಕ್ ಎ ಲೆಗ್’. ವೇದಿಕೆ ಹತ್ತುವ ಕಲಾವಿದರಿಗೆ ಶುಭ ಹಾರೈಸುವ ಮಾತು ಇದು. ಪರೀಕ್ಷೆಗೆ ಹೊರಟವರಿಗೂ ಹೇಳುವುದುಂಟು. ಕಂಬಳದ ಗದ್ದೆಗಿಳಿಯುವ ಓಟಗಾರನಿಗೆ ಹೇಳುವುದು ಚೆನ್ನಾಗಿರುವುದಿಲ್ಲ. ಯಕ್ಷಗಾನದ ಚೌಕಿಯಲ್ಲಿ ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಹೊರಟ ವೇಷಧಾರಿಗಂತೂ ಇದನ್ನು ಕನ್ನಡಕ್ಕೆ ಅನುವಾದಿಸಿ ಹೇಳಲೇಬೇಡಿ.